ನಿಂತ ಲಾರಿಗಳು

ಕಾಲೇಜಿನ ಹಳೆಯ ಕಂಪ್ಯೂಟರೊಂದನ್ನು ಗುಜರಿಗೆ ಹಾಕಲೆಂದು ಮೊನ್ನೆ ಬಿಚ್ಚಿಸಿದೆ. ಫ್ಯಾನಿನ ಸುತ್ತ ಅದಿರಿನ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ ನೆನಪಾದರು…

ಗಣಿಯ ಅಬ್ಬರದ ವರ್ಷಗಳವು. ನಾನು ಕೊನೆಯ ವರ್ಷದ ವಿದ್ಯಾರ್ಥಿನಿ. ಮೇಡಂ ಸಂಡೂರಿನಿಂದ ಹೊಸಪೇಟೆಯ ನಮ್ಮ ಕಾಲೇಜಿಗೆ ದಿನಾ ಬಸ್ಸಿನಲ್ಲಿ, ಲಾರಿಗಳ ಸಾಲಿನ ಹಿಂದೆ ತೆವಳಿಕೊಂಡು ಬರುತ್ತಿದ್ದರು. ಬಂದವರೇ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು.

ಅದಿರು ಸಾಗಿಸುವ ಕಂಪನಿಯೊಂದು ಅವರಿಗೆ ಕೆಲಸ ಒಪ್ಪಿಸಿತ್ತು: ಗಣಿಯಿಂದ ರೈಲ್ವೆ ಯಾರ್ಡಿಗೆ ಲಾರಿಯೊಂದು ದಿನಕ್ಕೆ ಎಷ್ಟು ಟ್ರಿಪ್ ಹೊಡೆಯಬಹುದೆಂದು ಕಂಪ್ಯೂಟರಿನಲ್ಲೇ ಲಾರಿಗಳ ಮಾದರಿ ಮಾಡಿ, ಓಡಿಸಿ ನೋಡಬೇಕು. ಅವರ ಸಹಾಯಕ್ಕಿದ್ದ ನಾನು ಉತ್ಸಾಹದಿಂದ ಅದರಲ್ಲಿ ಎಲ್ಲವನ್ನೂ ಸೇರಿಸಿದ್ದೆ. ಅದಿರಿನ ದರ್ಜೆ, ಡ್ರೈವರನ ವಯಸ್ಸು, ಮಳೆ…

“ಎಲ್ಲಾ ತುರುಕಬ್ಯಾಡವ್ವಾ,” ಎಂದರು ಮೇಡಂ. “ಅವರು ಕೇಳಿದ್ದು ಟ್ರಿಪ್ಪು. ಅದನ್ನ ಹೆಚ್ಚುಕಡಿಮಿ ಮಾಡೋದು ಮಾತ್ರ ಒಳಗ. ಉಳಿದದ್ದು ಹೊರಗ.”

ಲಾರಿ ತೂಗುವ ಕಟ್ಟೆ, ರೈಲ್ವೆ ಗೇಟು, ಚಹಾದ ಹೋಟೆಲು ಉಳಿದವು. ರಸ್ತೆ ದಾಟುವ ಶಾಲೆಯ ಮಕ್ಕಳನ್ನು ಮೇಡಂ ತಾವೇ ಸೇರಿಸಿದರು.

ನೋಡಲು ಬಂದ ಕಂಪನಿಯ ಮ್ಯಾನೇಜರ್ ನಕ್ಕರು. “ಮಕ್ಕಳು ಯಾಕ್ರಿ ಮೇಡಂ?”

“ಅವ್ರು ದಾಟೋವಾಗ ಲಾರಿ ನಿಲ್ತಾವಲ್ರಿ. ನಿಂತ್ರ ಟ್ರಿಪ್ ಕಡಿಮಿ ಆಗ್ತಾವ.”

“ಎಲ್ಲಿ ನಿಲ್ತಾವ್ರಿ? ನಿಲ್ಲಂಗೇ ಇಲ್ಲ.”

ಮೇಡಂ ತೆರೆಯ ಕಡೆ ತಿರುಗಿದರು. ಲಾರಿ ನಿಲ್ಲದಿದ್ದರೆ ಟ್ರಿಪ್ಪೂ ಕಡಿಮೆಯಾಗದು, ಅವರದೇ ನಿಯಮದ ಪ್ರಕಾರ ಮಕ್ಕಳು ಹೊರಗೆ ಹೋಗಬೇಕಿತ್ತು. ಲಾರಿಗಳು ನಿಲ್ಲದ್ದನ್ನು ದಿನಾ ಬಸ್ಸಿನ ಕಿಟಕಿಯಿಂದ ಅವರೂ ನೋಡಿದ್ದರಲ್ಲ… ಆಮೇಲೆ ಮೆಲ್ಲಗೆ, “ನನ್ನದರಾಗ ನಿಲ್ತಾವ್ರಿ,” ಎಂದರು.

ಲೆಕ್ಕದಲ್ಲಿ ಟ್ರಿಪ್ಪುಗಳು ಇಳಿದವು. ವಾರದೊಳಗೆ ಕಂಪನಿ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ಪ್ರಿನ್ಸಿಪಾಲರು ರೇಗಿದರು. ಮೇಡಂ ಜಗಳವಾಡಲಿಲ್ಲ, ಅಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲವೇನೋ. ಕ್ಲಾಸು ಮುಗಿಸಿ ಒಮ್ಮೊಮ್ಮೆ ಲ್ಯಾಬಿಗೆ ಬಂದು ಆ ಮಾದರಿಯನ್ನು ಓಡಿಸುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ತೆರೆಯ ಮೇಲೆ ಲಾರಿಗಳ ಸಣ್ಣ ಚೌಕಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು. ಹೊರಗೆ ರಸ್ತೆಯಲ್ಲಿ ಲಾರಿಗಳ ಸದ್ದು ನಿಂತಿದ್ದೇ ಇಲ್ಲ.

ಈಗ ಅದೇ ಪಾಠ ನಾನು ಮಾಡುತ್ತೇನೆ. ‘ಎಲ್ಲಾ ತುರುಕಬ್ಯಾಡ’ ಎಂಬ ಅವರ ಮೊದಲ ಮಾತನ್ನು ವಿದ್ಯಾರ್ಥಿಗಳಿಗೆ ಹೇಳುವುದು ಸುಲಭ. ಕೆಲಸ ಕೈತಪ್ಪುತ್ತದೆಂದು ಗೊತ್ತಿದ್ದೇ ಎರಡನೆಯದನ್ನು, ‘ನನ್ನದರಾಗ ನಿಲ್ತಾವ’ ಎಂಬುದನ್ನು, ಹೇಳಿದರೇ? ಸಂಡೂರಿಗೆ ಹೋಗಿ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೋದ ವರ್ಷ ಹೋದೆ, ಅವರನ್ನು ಮಣ್ಣು ಮಾಡುವ ದಿನ.