ಡಾಂಬರಿಗೊಂದು ಅರ್ಜಿ

ಸೈಕಲ್ಲು ತುಟ್ಟಿಯಾದಷ್ಟೂ ಅದರ ಮೇಲಿನ ಸಾಮಾನು ಕಡಿಮೆಯಾಗುತ್ತದೆ ಎಂಬ ಸತ್ಯ ನನಗೆ ಗೊತ್ತಾದದ್ದು ಲಂಡನ್ನಿಗೆ ಬಂದು ಹನ್ನೆರಡು ವರ್ಷ ಕಳೆದ ಮೇಲೆ. ಬಿಜಾಪುರದಲ್ಲಿ ಕಾಲೇಜಿಗೆ ಹೋಗುವಾಗ ನಾನು ತುಳಿಯುತ್ತಿದ್ದ ಸೈಕಲ್ಲಿಗೆ ಗಂಟೆ, ಡೈನಮೊ, ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್, ಬೀಗ, ಸ್ಟ್ಯಾಂಡ್ ಎಲ್ಲವೂ ಇದ್ದವು. ರೇನರ್ಸ್ ಲೇನಿನ ನಮ್ಮ ಮನೆಗೆ ಬಂದ ಮೌಂಟನ್ ಬೈಕಿಗೆ ಇದ್ದದ್ದು ಎರಡು ಗಾಲಿ. ಅವೂ ಒಂದು ಹಿಡಿಕೆ ಎಳೆದರೆ ಕಳಚಿ ಬರುತ್ತವೆ ಎಂದು ಅಂಗಡಿಯವನು ಹೆಮ್ಮೆಯಿಂದ ತೋರಿಸಿದ. ಸ್ಟ್ಯಾಂಡ್ ಇಲ್ಲವೇ ಎಂದು ಕೇಳಿದ್ದಕ್ಕೆ ಅವನ ಮುಖದಲ್ಲಿ ಒಂದು ಕನಿಕರ ಮೂಡಿತು.

“ಇಷ್ಟು ತುಟ್ಟಿ ಸೈಕಲ್ಲು, ನಿಲ್ಲಲಿಕ್ಕೆ ಕಾಲ ಇಲ್ಲಲ್ರೀ,” ಎಂದಳು ನನ್ನ ಹೆಂಡತಿ ಶೈಲಾ, ಗೋಡೆಗೆ ಆನಿಸಿಟ್ಟ ಅದನ್ನು ನೋಡುತ್ತ. “ನಿಮ್ಮನ್ನ ಇದು ಹೊರತದೋ, ಇದನ್ನ ನೀವು ಹೊರತೀರೋ?”

ಮೊದಲ ಗುಡ್ಡದಲ್ಲೇ ಉತ್ತರ ಸಿಕ್ಕಿತು, ಆದರೆ ಅವಳಿಗೆ ಹೇಳಲಿಲ್ಲ.

ಜಿಪಿ ಡಾಕ್ಟರು ವ್ಯಾಯಾಮ ಮಾಡು ಎಂದಿದ್ದಾರೆ ಎಂದು ಪರಿಚಯದವರಿಗೆಲ್ಲ ಸುಳ್ಳು ಹೇಳಿದೆ. ನಿಮ್ಮ ಮುಂದೆ ಯಾಕೆ ಮುಚ್ಚುಮರೆ? ಸೈಕಲ್ ಕೊಂಡದ್ದು ಗ್ರಹಾಂ ಕರೆದ ಅಂತ. ಗ್ರಹಾಂ ನಮ್ಮ ಆಫೀಸಿನ ಸೆಕ್ಷನ್ನಿನ ಯಜಮಾನ. ಹನ್ನೆರಡು ವರ್ಷ ಒಂದೇ ಆಫೀಸಿನಲ್ಲಿ ಕೂತಿದ್ದೇನೆ, ಸಾವಿರ ಸಲ ಹವಾಮಾನದ ಬಗ್ಗೆ ಒಮ್ಮತಕ್ಕೆ ಬಂದಿದ್ದೇನೆ, ಆದರೆ ಐದು ಗಂಟೆಯ ನಂತರ ನನ್ನನ್ನು ಎಲ್ಲಿಗೂ ಯಾರೂ ಕರೆದಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ, ಮಾತಿಗೆ ಬೇರೇನೂ ಸಿಗದೆ ಇರಬೇಕು, ಭಾನುವಾರ ಸೈಕಲ್ ತುಳಿಯಲು ಬರುತ್ತೀಯಾ ಎಂದ. ನಾನು ಹೂಂ ಅಂದುಬಿಟ್ಟೆ. ಆಗ ನನ್ನ ಬಳಿ ಸೈಕಲ್ಲೇ ಇರಲಿಲ್ಲ. ಒಮ್ಮೆ ಹೋದರೆ ಸಾಲದು, ಮತ್ತೆ ಮತ್ತೆ ಕರೆಯಬೇಕು ಎಂಬುದಷ್ಟೇ ನನ್ನ ಹಂಬಲವಾಗಿತ್ತು.

ಇವರ ಭಾನುವಾರದ ವ್ರತವನ್ನು ನೀವು ನೋಡಬೇಕು. ಸೈಕಲ್ಲುಗಳನ್ನು ಕಾರಿನ ನೆತ್ತಿಗೆ ಕಟ್ಟುತ್ತಾರೆ. ಕನ್ನಡಿಯಂಥ ರಸ್ತೆಯಲ್ಲಿ ಒಂದು ಗಂಟೆ ಓಡಿಸಿಕೊಂಡು ಚಿಲ್ಟರ್ನ್ ಗುಡ್ಡಗಳಿಗೆ ಹೋಗುತ್ತಾರೆ. ಅಲ್ಲಿ ನಕ್ಷೆ ಹರಡಿ, ರಸ್ತೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ, ಸರಿಯಾಗಿ ಅಲ್ಲಿಂದ ಸೈಕಲ್ ಹತ್ತುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಮನೆ ಮುಂದೆ ಅಂಗೈಯಗಲದ ಗುಂಡಿ ಬಿದ್ದರೆ ಕೌನ್ಸಿಲ್‌ಗೆ ಫೋನ್ ಮಾಡುವ ಇದೇ ಜನ ಭಾನುವಾರ ಗುಂಡಿ ಹುಡುಕಿಕೊಂಡು ಬರುತ್ತಾರೆ. ನಮ್ಮ ಕಡೆ ಕಾಲುದಾರಿ ಗಾಡಿದಾರಿಯಾಗಬೇಕು, ಗಾಡಿದಾರಿ ಕಚ್ಚಾ ರಸ್ತೆಯಾಗಬೇಕು, ಅದರ ಮೇಲೆ ಜಲ್ಲಿ ಕಡಿ ಬಿದ್ದು, ಡಾಂಬರು ಬಿದ್ದು, ಉದ್ಘಾಟನೆಗೆ ಮಂತ್ರಿಗಳು ಬರಬೇಕು. ಒಂದೊಂದು ಮೆಟ್ಟಿಲಿಗೂ ಒಂದು ತಲೆಮಾರು ಸವೆಯುತ್ತದೆ. ಇವರು ಆ ಮೆಟ್ಟಿಲನ್ನೆಲ್ಲ ಹತ್ತಿ ಮುಗಿಸಿ, ಮೇಲೆ ಕೂತು ಬೇಜಾರಾಗಿ, ಈಗ ವಿಶೇಷ ಚಡ್ಡಿ ಹಾಕಿಕೊಂಡು ಕೆಳಗಿಳಿಯುತ್ತಿದ್ದಾರೆ.

ಆ ಚಡ್ಡಿಯ ಬಗ್ಗೆ ಹೆಚ್ಚು ಹೇಳಲಾರೆ. ಅದನ್ನು ಹಾಕಿಕೊಂಡು ರೇನರ್ಸ್ ಲೇನಿನ ಕಿರಾಣಿ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡು ಜೋರಾಗಿ ತುಳಿಯುತ್ತಿದ್ದೆ ಎಂದರೆ ಸಾಕು.

ಚಿಲ್ಟರ್ನಿನ ದಾರಿಗಳೆಂದರೆ ಕುದುರೆಗಳಿಗೆಂದು ಬಿಟ್ಟ ದಾರಿಗಳು. ಕೆಳಗೆ ಸುಣ್ಣದ ಕೆಸರು, ಮೇಲೆ ಬ್ಲೇಡಿನಂಥ ಚಕಮಕಿ ಕಲ್ಲು. ಗುಂಪಿನಲ್ಲಿ ನಾವು ಆರು ಜನ. ನಾನು ಐದು ಸಲ ಬಿದ್ದೆ. ಬಿದ್ದಾಗಲೆಲ್ಲ ಗ್ರಹಾಂ ತಿರುಗಿ “ವೆಲ್ ಡನ್” ಎನ್ನುತ್ತಿದ್ದ. ಇಂಗ್ಲಿಷರು ಬಿದ್ದವನನ್ನು ಎತ್ತುವುದಿಲ್ಲ, ಅಭಿನಂದಿಸುತ್ತಾರೆ. ನಾನೂ ಪ್ರತಿ ಸಲ ಹಲ್ಲು ಕಿರಿದು ಎದ್ದೆ.

ಆ ಬೇಸಿಗೆ ಅಪ್ಪ ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸೀಯರ್ ಆಗಿ ನಿವೃತ್ತರಾದವರು. ಬಿಜಾಪುರದ ಎರೆಮಣ್ಣಿನ ಮೇಲೆ ರಸ್ತೆ ನಿಲ್ಲಿಸುವುದೇ ಅವರ ಜೀವಮಾನದ ಕುಸ್ತಿ. ಮಳೆಗಾಲದಲ್ಲಿ ಗಾಡಿ ಹೂತು ನಿಂತು ನನ್ನ ತಂಗಿ ದಾರಿಯಲ್ಲೇ ಹುಟ್ಟಿದಳು. ಆ ದಿನದಿಂದ ಕೆಸರು ಅವರಿಗೆ ವೈಯಕ್ತಿಕ ಶತ್ರು. ಅಂಥವರ ಮುಂದೆ ನಾನು ಹಣೆಯಿಂದ ಹಿಮ್ಮಡಿವರೆಗೆ ಕೆಸರು ಬಳಿದುಕೊಂಡು ಬಂದು ನಿಂತೆ.

“ಯಾಕಪಾ, ಎಲ್ಲೆ ಬಿದ್ದಿ?”

“ಏನಿಲ್ಲ ಅಪ್ಪಾ. ಮಜಾ ಬಂತು.”

“ಡಾಂಬರ ರಸ್ತೆ ಇದ್ದಿಲ್ಲೇನು?”

“ಇತ್ತು. ಅದನ್ನ ಬಿಟ್ಟ ಹೋದ್ವಿ.”

ಮುಂದಿನ ಭಾನುವಾರ ಅಪ್ಪ ತಾವೂ ಕಾರು ಹತ್ತಿ ಕೂತರು. ನಾವು ಗುಡ್ಡ ಹತ್ತಿ ಹೋದ ಮೇಲೆ ಕೊಡೆಯನ್ನು ಅಳತೆಗೋಲು ಮಾಡಿಕೊಂಡು ಆ ಕುದುರೆದಾರಿಯನ್ನು ಉದ್ದಕ್ಕೂ ನಡೆದು ಪರಿಶೀಲಿಸಿದರಂತೆ. ವಾಪಸು ಬರುವಾಗ ಕಾರಿನಲ್ಲಿ ಒಂದೇ ಮಾತು ಆಡಿದರು: “ಬಾಜೂಕ ಗಟಾರ ಇಲ್ಲ. ನೀರು ಎಲ್ಲಿ ಹೋಗಬೇಕು ಪಾಪ?” ನಾನು ನಕ್ಕು ಸುಮ್ಮನಾದೆ.

ಅಪ್ಪ ಸುಮ್ಮನಾಗಲಿಲ್ಲ. ಮರುದಿನ ನಾವೆಲ್ಲ ಕೆಲಸಕ್ಕೆ ಹೋದಾಗ ಅಲ್ಲಿನ ಕೌನ್ಸಿಲ್‌ಗೆ ತಮ್ಮ ದುಂಡು ಅಕ್ಷರದಲ್ಲಿ ಮೂರು ಪುಟದ ಅರ್ಜಿ ಬರೆದು, ತಾವೇ ಮೂಲೆಯ ಕೆಂಪು ಡಬ್ಬಿಗೆ ಹಾಕಿ ಬಂದರು. ಸದರಿ ರಸ್ತೆಗೆ ಗಟಾರ ತೋಡಿ, ಕಡಿ ಹಾಸಿ, ಡಾಂಬರು ಹಾಕಿಸಿಕೊಡಬೇಕೆಂದು ವಿನಂತಿ. ಅರ್ಜಿ ಎಂದ ಮೇಲೆ ಊರ ಪ್ರಮುಖರ ಹೆಸರು ಇರಬೇಕಲ್ಲ? ಫ್ರಿಜ್ಜಿಗೆ ಅಂಟಿಸಿದ್ದ ನಮ್ಮ ಗುಂಪಿನ ಪಟ್ಟಿ ನೋಡಿ, ಮೊದಲು ಗ್ರಹಾಂನ ಹೆಸರು, ವಿಳಾಸ, ಆಮೇಲೆ ಉಳಿದ ನಾಲ್ವರದು ಬರೆದರು. ನನ್ನ ಹೆಸರೊಂದನ್ನು ಬಿಟ್ಟರು. ಸರಕಾರಿ ನೌಕರಿ ಮಾಡಿದವರ ಎಚ್ಚರ ಅದು. ನಾಳೆ ಎನ್‌ಕ್ವಾಯರಿ ಬಂದರೆ ಮಗ ಸಿಕ್ಕಿಬೀಳಬಾರದು.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕೆಲವು ವರ್ಷಗಳ ಹಿಂದೆ ಆ ದಾರಿಗೆ ಡಾಂಬರು ಹಾಕುವ ಮಾತು ಬಂದಾಗ, ಸಮಿತಿ ಕಟ್ಟಿ, ಬೋರ್ಡು ಹಿಡಿದು, ಕೆಸರನ್ನು ಉಳಿಸಿದ ವೀರನೇ ಗ್ರಹಾಂ.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಗ್ರಹಾಂನ ಫೋನ್ ಬಂತು. ಅಪ್ಪ ಎತ್ತಿಕೊಂಡರು. ಮೆಟ್ಟಿಲಿಳಿದು ಬರುತ್ತಿದ್ದ ನಾನು ಅರ್ಧಕ್ಕೇ ನಿಂತೆ. ಅಪ್ಪ ತಮ್ಮ ಅರ್ಜಿಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: “ಇಲ್ಲ ಸರ್, ನನ್ನ ಮಗನಿಗೆ ಇದು ಗೊತ್ತೇ ಇಲ್ಲ ಸರ್. ತಪ್ಪು ನನ್ನದು. ನಾನು ಮುದುಕ, ನಿಮ್ಮ ದೇಶದ ಪದ್ಧತಿ ತಿಳಿಯದವನು. ದಯಮಾಡಿ ನಾಳೆ ಅವನನ್ನು ಕರೆದುಕೊಂಡು ಹೋಗಿ ಸರ್.” ನೌಕರಿ ಪೂರ್ತಿ ಒಬ್ಬ ಕಂಟ್ರಾಕ್ಟರನಿಗೂ ಬಾಗದ ಮನುಷ್ಯ, ತಮ್ಮ ಮಗನ ವಯಸ್ಸಿನವನಿಗೆ ಸರ್ ಅನ್ನುತ್ತಿದ್ದರು.

ಫೋನಿಟ್ಟು ನನ್ನತ್ತ ತಿರುಗಿ, ನಡೆದದ್ದನ್ನೆಲ್ಲ ಹೇಳಿದರು. ಅರ್ಜಿಯಲ್ಲಿ ಇಲ್ಲದ ಹೆಸರು ನನ್ನದೊಂದೇ ಎಂಬುದರಿಂದಲೇ ಗ್ರಹಾಂನಿಗೆ ನಮ್ಮ ಮನೆಯ ಗುರುತು ಸಿಕ್ಕಿತ್ತಂತೆ. ಕೊನೆಗೆ, “ಛಲೋ ಮನಶ್ಯಾ ಇದ್ದಾನ. ನಾಳೆ ಒಂಬತ್ತಕ್ಕ ಬಾ ಅಂದಾನ ನಿನಗ,” ಎಂದರು.

ನನಗೆ ಮೊದಲು ಆದದ್ದು ನೆಮ್ಮದಿ. ಸದ್ಯ, ಭಾನುವಾರ ಉಳಿಯಿತು ಅನ್ನಿಸಿತು. ನಾಚಿಕೆ ಆಮೇಲೆ ಬಂತು, ಅದೂ ಬಹಳ ನಿಧಾನವಾಗಿ. ಹೀಗಾಗಿ ಭಾನುವಾರ ಒಂಬತ್ತಕ್ಕೆ ಸರಿಯಾಗಿ ಹಾಜರಾದೆ.

ಅಂದು ಗುಡ್ಡವೆಲ್ಲ ಸುತ್ತಿ ಪಬ್ಬಿನಲ್ಲಿ ಕೂತಾಗ ಗ್ರಹಾಂ ಜೇಬಿನಿಂದ ಅರ್ಜಿಯ ಪ್ರತಿ ತೆಗೆದ. ಉತ್ತರದ ಜೊತೆ ಕೌನ್ಸಿಲ್‌ನವರು ಕಳಿಸಿದ್ದರಂತೆ. “ಇದನ್ನ ಕೇಳಲೇಬೇಕು ನೀವು,” ಎಂದು ಓದತೊಡಗಿದ, ಅಪ್ಪನ ಉಚ್ಚಾರದಲ್ಲಿ. ಗಟಾರದ ಭಾಗಕ್ಕೆ ಎಲ್ಲರೂ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ. ಡಾಂಬರಿನ ಭಾಗಕ್ಕೆ ಒಬ್ಬನ ಬಿಯರು ಮೂಗಿಗೇರಿತು. ಗ್ರಹಾಂ ಮೂರನೆಯ ಪುಟ ತಿರುವಿದ:

“ಈ ದಾರಿಯಲ್ಲಿ ಬೀಳುವವರಲ್ಲಿ ಒಬ್ಬನು ಚಿಕ್ಕಂದಿನಿಂದಲೂ ನೋವಾದರೆ ಹೇಳಿಕೊಳ್ಳುವವನಲ್ಲ. ಆದಕಾರಣ ಮಾನ್ಯರು, ಆತನು ದೂರು ಕೊಡಲಿಲ್ಲವೆಂದು ಈ ವಿಷಯವನ್ನು ಕಡೆಗಣಿಸಬಾರದೆಂದು ವಿನಂತಿ.”

ಅದಕ್ಕೂ ನಕ್ಕರು. ನಗುವಿನ ಭರದಲ್ಲಿ ಅದು ಯಾರ ಬಗ್ಗೆ ಎಂದು ಅವರು ಯೋಚಿಸಲೇ ಇಲ್ಲ.

ನಾನು ಕೈಚಾಚಿ ಕಾಗದ ಇಸಿದುಕೊಂಡೆ. ಮೇಜು ಒರೆಸಲು ಬಂದ ಹುಡುಗಿಯ ಹತ್ತಿರ ಪೆನ್ನು ಕೇಳಿ, ಐದು ಹೆಸರುಗಳ ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. “ಈ ರಸ್ತೆಗೆ ಡಾಂಬರು ಬೇಕೇ ಬೇಕು,” ಎಂದೆ. ಗ್ರಹಾಂ ಜೋಕೆಂದು ತಿಳಿದು ನನ್ನ ಮುಖ ನೋಡಿದ, ಆಮೇಲೆ ತನ್ನ ಗ್ಲಾಸು ನೋಡಿದ. ಯಾರೂ ವೆಲ್ ಡನ್ ಅನ್ನಲಿಲ್ಲ.

ಮುಂದಿನ ವಾರ ಕರೆ ಬರಲಿಲ್ಲ. ಆಫೀಸಿನಲ್ಲಿ ನಾವು ಮೊದಲಿನಂತೆ ಹವಾಮಾನದ ಬಗ್ಗೆ ಒಮ್ಮತದಿಂದಲೇ ಇದ್ದೆವು. ಭಾನುವಾರ ಬೆಳಿಗ್ಗೆ ಒಂಬತ್ತಾದರೂ ನಾನು ಅಡುಗೆಮನೆಯಲ್ಲೇ ಚಹಾ ಕುಡಿಯುತ್ತ ಕೂತದ್ದು ಕಂಡು ಅಪ್ಪ ಗಾಬರಿಯಾದರು.

“ಯಾಕೋ, ಇವತ್ತ ಹೋಗೂದಿಲ್ಲೇನು? ಫೋನ್ ಮಾಡಿ ಕೇಳಲೇನು ಅವರಿಗೆ?”

“ಬ್ಯಾಡ ಅಪ್ಪಾ,” ಎಂದೆ. “ಮೊಣಕಾಲು ಭಾಳ ನೋಯ್ಲಿಕತ್ತದ.”

ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. “ಎಲ್ಲೆ? ತೋರಿಸು,” ಎಂದರು. ನಾನು ಪ್ಯಾಂಟು ಮೇಲೆ ಮಡಚಿದೆ.