ಟವೆಲಿನ ಕೆಳಗಿನ ಬೆರಳು

ಕುಲಗೋಡದ ದನದ ದಲಾಲ ಲಕ್ಕಪ್ಪನಿಗೆ ಇದ್ದ ಆಸ್ತಿ ಎರಡೇ: ಹೆಗಲ ಮೇಲಿನ ಟವೆಲು, ಬಲಗೈ ಬೆರಳು. ಮೂಡಲಗಿ ಸಂತೆಯಲ್ಲಿ ಹಣ ಈಗ ಫೋನಿನಲ್ಲೇ ಹರಿದಾಡಿದರೂ ದರ ಮಾತ್ರ ಟವೆಲಿನ ಕೆಳಗೇ ಕುದುರಬೇಕು. ಕೊಳ್ಳುವವನು ದಲಾಲನ ಬೆರಳು ಹಿಡಿಯುತ್ತಾನೆ. ಬೆರಳಿಗೆ ಹತ್ತು ಸಾವಿರ. ಒಳಗೆ ನಡೆದದ್ದಕ್ಕೆ ಸಾಕ್ಷಿಯಿಲ್ಲ, ದಲಾಲ ಹೇಳಿದ್ದೇ ಖರೆ.

ಅವನಿಗೊಂದು ಅರೆತಲೆನೋವಿತ್ತು. ಬಂತೆಂದರೆ ಎಮ್ಮೆ ಯಾವುದು, ಕೋಣ ಯಾವುದು ತಿಳಿಯುತ್ತಿರಲಿಲ್ಲ. ಗೋಕಾಕದ ಡಾಕ್ಟರು ಹೆಂಡತಿಯ ಎದುರಿಗೇ ಗುಳಿಗೆ ಬರೆದುಕೊಟ್ಟರು.

"ಇದು ಫಿಟ್ಸಿನ ಗುಳಿಗಿ. ತಲಿನೋವು ಬರದಂಗೂ ತಡೀತೈತಿ. ಬೆರಳು ಜುಮು ಜುಮು ಅಂದ್ರ ಬಂದು ಹೇಳ್ರಿ, ಇದನ್ನ ಬಿಟ್ಟು ಬಿ.ಪಿ.ದು ಕೊಟ್ಟು ನೋಡೂಣು, ತಲಿನೋವಿಗೆ ಅದೂ ಆಗತೈತಿ."

ತಲೆನೋವು ನಿಂತಿತು. ಬೆರಳು ಮೊದಲು ಜುಮುಗುಟ್ಟಿತು, ಆಮೇಲೆ ಯಾರದೋ ಬೆರಳಿನಂತಾಯಿತು. ಲಕ್ಕಪ್ಪ ಹೇಳಲು ಹೋಗಲಿಲ್ಲ. ಮಲಗಿದ ನೋವನ್ನು ಯಾರಾದರೂ ಎಬ್ಬಿಸುತ್ತಾರೆಯೇ?

ಆ ವಾರ ಹುಕ್ಕೇರಿಯ ಶಿವಕುಮಾರ ಟವೆಲಿನೊಳಗೆ ಕೈ ಹಾಕಿದ. ಲಕ್ಕಪ್ಪನಿಗೆ ನಾಲ್ಕು ಬೆರಳು ಹಿಡಿದಂತಾಯಿತು. ಎಮ್ಮೆ ಮಾರಲು ಬಂದಿದ್ದ ಕಲ್ಲೋಳಿಯ ಹನಮಂತನಿಗೆ ಅದನ್ನೇ ದಾಟಿಸಿದ. ಹನಮಂತ ಹಗ್ಗ ಬಿಚ್ಚಿ ಎಮ್ಮೆಯನ್ನು ಕೊಟ್ಟೂ ಬಿಟ್ಟ.

"ನಲವತ್ತ? ನಾ ಮೂರ ಬೆರಳ ಹಿಡದೇನ್ರಿ ಲಕ್ಕಪ್ಪಾರ!" ಶಿವಕುಮಾರ ಚೀರಿದ.

"ಹೇಳೋ ಯಪ್ಪಾ, ಮೂರೋ ನಾಲ್ಕೋ?" ಹನಮಂತ ಹಗ್ಗ ಕಸಿದುಕೊಂಡ.

ಸಂತೆ ಸುತ್ತ ಸೇರಿತು. ನಾಲ್ಕೆಂದಿದ್ದರೂ ನಡೆಯುತ್ತಿತ್ತು. ಲಕ್ಕಪ್ಪ ತನ್ನ ಕೈ ನೋಡಿಕೊಂಡ. "ನನಗ ತಿಳೀಲಿಲ್ಲ."

"ಮುಂಜಾನೇನ ಏರಿಸ್ಕೊಂಡ ಬಂದಿಯೇನೋ ಕಾಕಾ?" ಯಾರೋ ಕೂಗಿದರು.

ಕೊರಳಲ್ಲಿ ಲಿಂಗ ಇದ್ದವನು, ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ಆದರೆ ಫಿಟ್ಸಿನ ಗುಳಿಗೆ ಎಂದರೆ ನಾಳೆಯಿಂದ ಫಿಟ್ಸ್ ಬಂದೀತೆಂದು ಕೈಗೆ ಬೀಗದ ಕೈ ಕೊಟ್ಟು ಕೂಡಿಸುತ್ತಾರೆ, ಬೆರಳು ಕೊಡುವುದಿಲ್ಲ. ಕುಡುಕ ದಲಾಲರಿಗೇನು, ಸಂತೆಯಲ್ಲಿ ಬರವಿಲ್ಲ.

"ಹೂಂ," ಎಂದ. "ಸ್ವಲ್ಪ ಜಾಸ್ತಿ ಆತು."

ಜನ ನಕ್ಕರು. ಹನಮಂತ ಎಮ್ಮೆ ಹೊಡೆದುಕೊಂಡು ಹೋದ. ನಾಚಿಕೆ ಬರಬೇಕಿತ್ತು, ಅದೂ ಬೆರಳಿನಂತೆ ದೂರದಲ್ಲೆಲ್ಲೋ ಇತ್ತು.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಯಲ್ಲವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಕುಡದಿದ್ರಂತ?"

"ಹೂಂ."

"ತಲಿನೋವು?"

"ಇಲ್ಲ."

ಅವಳು ಎದ್ದು ಬಂದು ಅವನ ಕಿರುಬೆರಳನ್ನು ಉಗುರಿನಿಂದ ಚಿವುಟಿದಳು. ಅವನು ರೊಟ್ಟಿಯ ಕಡೆಗೇ ನೋಡುತ್ತಿದ್ದ.

"ನಾಳಿಗೆ ಗೋಕಾಕಕ್ಕ ನಡೀರಿ. ಆ ಬಿ.ಪಿ. ಗುಳಿಗಿ ಕೇಳೂಣು."

ಲಕ್ಕಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಬಿ.ಪಿ. ಆದ್ರ ನಡೀತೈತಿ. ಅದು ಸಂತ್ಯಾಗ ದೊಡ್ಡ ಮಂದಿಗೆಲ್ಲಾ ಐತಿ."