ಎಡಗೈಗೊಂದು ರಿಮೋಟು

ನಮ್ಮ ಭಾವ ಹಲ್ಲು ಮಾಡುವವರು. ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವವರು. ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಮೇಜಿನ ಅರ್ಧ ಭಾಗದಲ್ಲಿ ಪ್ಲಾಸ್ಟರ್ ದವಡೆಗಳು ಬಾಯಿ ಬಿಟ್ಟುಕೊಂಡು ಕೂತಿದ್ದರೆ, ಉಳಿದರ್ಧದಲ್ಲಿ ಅಂಗೈ ಮೇಲೆ ನಿಲ್ಲುವಂಥ ರಿಮೋಟ್ ಕಾರುಗಳು. ಅಂಗಡಿಯಿಂದ ತಂದ ಕಾರನ್ನು ತಂದ ಹಾಗೇ ಓಡಿಸುವ ಜಾಯಮಾನ ಅವರದಲ್ಲ. ತಂದ ದಿನವೇ ಬಿಚ್ಚಿ ಹರಡಬೇಕು, ಮೋಟಾರು ಬದಲಿಸಬೇಕು, ಹಲ್ಲು ತೀಡುವ ಮಿಷನ್ನಿನಲ್ಲೇ ಒಳಗೆಲ್ಲ ಕೊರೆದು ತೂಕ ಇಳಿಸಬೇಕು. ಒಂದು ಕಾರಿನ ಬಂಪರು ಮುರಿದಾಗ, ಒಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ಹೊಸದು ಮಾಡಿದ್ದರು. ಕಾರು ಹಲ್ಲು ಕಟ್ಟಿಸಿಕೊಳ್ಳೋಕೆ ಬಂದ ಹಾಗಿತ್ತು.

"ತಲೆ ನರೆತರೂ ಆಟದ ಕಾರು ಬಿಡಲ್ಲ ಈ ಮನುಷ್ಯ!" ಅಂತ ಬೈಯುವ ಗುತ್ತಿಗೆ ನಮ್ಮಕ್ಕನದು. ಬಾಯಿ ಅಂದರೆ ಅವಳ ಬಾಯಿ! ತರಕಾರಿಯವನಿಂದ ಹಿಡಿದು ವಿದ್ಯುತ್ ಕಚೇರಿಯವನ ತನಕ ಎಲ್ಲರೂ ಅವಳ ಹತ್ತಿರ ಮಂಗಳಾರತಿ ಮಾಡಿಸಿಕೊಂಡವರೇ.

ಅಂಥವಳಿಗೆ ಲಕ್ವ ಹೊಡೆಯಿತು. ನಡಿಗೆ ಸುಧಾರಿಸಿತು, ಮಾತು ಉಳಿಯಿತು, ಬಲಗೈ ಮಾತ್ರ ಬರಲಿಲ್ಲ. ಆಮೇಲೆ ಅಕ್ಕ ಗೇಟು ದಾಟಲೇ ಇಲ್ಲ. ಪಕ್ಕದ ಮನೆಯವರು ಬಂದರೆ ಆ ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟು, ಕೇಳಿದ್ದಕ್ಕೆ ಹೂಂ, ಊಹೂಂ. ನಾವೂ ಅಷ್ಟೇ, ಎಲ್ಲರೂ ಸೇರಿ ಅವಳ ಹತ್ತಿರ ಮೆತ್ತಗೆ, ಬೆಣ್ಣೆಯಂತೆ ಮಾತಾಡುತ್ತಿದ್ದೆವು. ನಾನು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದರೂ ಬೈಯದ ಅಕ್ಕನನ್ನು ನೋಡಿ ನನಗೆ ಭಯ. ಇವಳು ಹೀಗೇ ಮುದುರಿ ಹೋಗಿಬಿಟ್ಟರೆ?

ಭಾವ ಪ್ರತಿ ಭಾನುವಾರ ಈ ಆಟದ ಕಾರುಗಳ ರೇಸಿಗೆ ಹೋಗುತ್ತಿದ್ದುದನ್ನು ನಿಲ್ಲಿಸಿದರು. ಆದರೆ ಹಿಂದಿನ ಕೋಣೆಯಲ್ಲಿ ಮಿಷನ್ನು ಗುಂಯ್‌ಗುಡುವುದು ನಿಲ್ಲಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಭಾವ, ಇಂಥ ಹೊತ್ತಲ್ಲೂ ಕಾರಾ ನಿಮಗೆ?"

"ಅವಳಿಗೇ ಕಣಮ್ಮ," ಅಂದರು ತಲೆಯೆತ್ತದೆ.

ಈ ಕಾರಿನ ರಿಮೋಟಿಗೆ ಎರಡು ಕೈ ಬೇಕು. ಎಡಗೈಯಲ್ಲಿ ಹಿಡಿದು ತೋರುಬೆರಳಲ್ಲಿ ವೇಗ ಕೊಡಬೇಕು. ಬಲಗೈಯಲ್ಲಿ ಪಕ್ಕದ ಪುಟ್ಟ ಚಕ್ರ ತಿರುಗಿಸಬೇಕು. ಭಾವ ಆ ಚಕ್ರಕ್ಕೆ, ಬೆರಳುಗಳನ್ನು ಮಲಗಿಸೋಕೆ ಒಂದು ಪುಟ್ಟ ತೊಟ್ಟಿಲು ಕೂರಿಸಿದ್ದರು. ಅಕ್ಕ ಮಧ್ಯಾಹ್ನ ನಿದ್ದೆ ಮಾಡುವಾಗ, ಬಾಯಿಯ ಅಚ್ಚು ತೆಗೆಯುವ ಪೇಸ್ಟು ಕಲಸಿ, ಅವಳ ಬಲಗೈ ಬೆರಳುಗಳ ಅಚ್ಚು ತೆಗೆದು, ಅದರಂತೆ ಮಾಡಿದ ತೊಟ್ಟಿಲು. ಬೆರಳು ಎಳ್ಳಷ್ಟು ಅಲುಗಿದರೂ ಕಾರು ತಿರುಗಬೇಕು, ಹಾಗೆ ಹಗುರ ಮಾಡಿದ್ದರು.

ಅಕ್ಕನ ಮುಂದೆ ಇಟ್ಟರು. ತಾವೇ ಅವಳ ಬೆರಳುಗಳನ್ನು ಒಂದೊಂದಾಗಿ ಅದರಲ್ಲಿ ಮಲಗಿಸಿದರು. ಎಷ್ಟು ಸರಿಯಾಗಿ ಕೂತವು ಅಂತೀರಿ! ಅಕ್ಕ ಎಡಗೈಯಿಂದ ವೇಗ ಕೊಟ್ಟಳು. ಕಾರು ನೆಟ್ಟಗೆ ಹೋಗಿ ಗೋಡೆಗೆ ಹೊಡೆಯಿತು. ಭಾವ ಎತ್ತಿ ತಂದರು. ಮತ್ತೆ ಗೋಡೆ. ಮತ್ತೆ ತಂದರು.

"ಸ್ವಲ್ಪ ಪ್ರಯತ್ನ ಮಾಡು. ನಿಧಾನಕ್ಕೆ ಬರುತ್ತೆ," ಅಂದರು.

ಅಕ್ಕ ಅವರ ಮುಖ ನೋಡಿದಳು. "ನೀವಿನ್ನೂ ಈ ಕೈಗೆ ಕಾಯ್ತಾ ಇದ್ದೀರಾ?"

ಭಾವ ಮತ್ತೆ ಕಾರು ಎತ್ತಿ ತರಲು ಬಗ್ಗಿದರು.

"ಇದು ಹೋಯ್ತು ಕಣ್ರೀ. ನನಗೆ ಗೊತ್ತು, ಡಾಕ್ಟರಿಗೆ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ. ದಿನಾ ಬೆಳಗ್ಗೆ ಎದ್ದು ಇದನ್ನ ನೋಡ್ತೀರಿ, ಏನಾದ್ರೂ ಅಲುಗಿತಾ ಅಂತ. ಇನ್ನೊಂದು ಕೈ ಇದೆ, ಅದನ್ನ ಒಂದ್ಸಲವಾದ್ರೂ ನೋಡಿದ್ದೀರಾ?"

ಭಾವ ಅತ್ತುಬಿಟ್ಟರು. ಮೂಗು ಒರೆಸಿಕೊಳ್ಳುತ್ತ ಅತ್ತರು. ಅಕ್ಕ ಸಮಾಧಾನ ಮಾಡಲಿಲ್ಲ. ಎಡಗೈ ಚಾಚಿದಳು. "ಏಳಿ, ಪೇಸ್ಟು ಕಲಸಿ. ಎಚ್ಚರವಾಗಿರೋವಾಗ ಅಚ್ಚು ತೆಗೀರಿ. ನಿದ್ದೇಲಿರೋ ಹೆಂಡತಿ ಕೈಗೆ ಮೆತ್ತೋದು ಯಾವ ಸೀಮೆ ಕೆಲಸ?"

ಈ ಸಲ ಎಲ್ಲವೂ ಎಡಗೈಗೇ. ತೋರುಬೆರಳಿಗೆ ವೇಗ; ಚಕ್ರವನ್ನು ಕಿತ್ತುಹಾಕಿ ಅದರ ಬದಲು ಹೆಬ್ಬೆರಳಿಗೊಂದು ಸಣ್ಣ ಕಡ್ಡಿ. ಹಿಡಿ ಜಾರುತ್ತೆ ಅಂತ ಒಮ್ಮೆ, ಕಡ್ಡಿ ಬಿಗಿಯಾಯ್ತು ಅಂತ ಒಮ್ಮೆ, ಅಕ್ಕ ನಾಲ್ಕಾರು ಸಲ ವಾಪಸು ಕಳಿಸಿದಳು. ಭಾವ ಗೊಣಗದೆ ತೀಡಿ ತೀಡಿ ಕೊಟ್ಟರು. ಹಜಾರದಲ್ಲಿ ಕುರ್ಚಿ ಕಾಲುಗಳ ನಡುವೆ ಅಭ್ಯಾಸ ಶುರುವಾಯಿತು. ನನ್ನ ಪಾದಕ್ಕೆ ಬಿದ್ದ ಪೆಟ್ಟುಗಳನ್ನು ಯಾರ ಹತ್ತಿರ ಹೇಳಲಿ?

ಒಂದು ಭಾನುವಾರ ಅಕ್ಕ ತಾನಾಗಿಯೇ ಚಪ್ಪಲಿ ಮೆಟ್ಟಿದಳು. ಶಾಲು ಹೊದೆಯುತ್ತಿದ್ದವಳು ಏನನ್ನಿಸಿತೋ, ತೆಗೆದು ಕುರ್ಚಿ ಮೇಲೆ ಹಾಕಿದಳು.

ಪೀಠೋಪಕರಣದ ಅಂಗಡಿ ಮೇಲಿನ ಖಾಲಿ ಹಾಲ್‌ನಲ್ಲಿ ರಬ್ಬರ್ ಚಾಪೆ ಜೋಡಿಸಿ ರೇಸಿನ ದಾರಿ ಮಾಡಿರುತ್ತಾರೆ. ಔಷಧಿ ಅಂಗಡಿಯವರು, ಬಸ್ ಡ್ರೈವರು, ಇನ್ನೂ ಮೂರ್ನಾಲ್ಕು ಜನ. ಎಲ್ಲರೂ ಅಕ್ಕನಿಗೆ ಕುರ್ಚಿ ಕೊಡುವವರೇ, ನೀರು ಕೊಡುವವರೇ. ರೇಸು ಶುರುವಾದಾಗ ಔಷಧಿ ಅಂಗಡಿಯವರು ಕಾರು ಪಕ್ಕಕ್ಕೆ ಸರಿಸಿ ಅವಳಿಗೆ ದಾರಿ ಬಿಟ್ಟರು. ಬಸ್ ಡ್ರೈವರೂ ಬಿಟ್ಟರು. ಅಕ್ಕನ ಮುಖ ಸಪ್ಪಗಾಗುವುದು ನನಗೆ ಕಾಣುತ್ತಿತ್ತು. ಅಯ್ಯೋ ದೇವರೇ, ಇಲ್ಲೂ ಅದೇ ಆಯ್ತಲ್ಲ ಅಂದುಕೊಂಡೆ.

ಭಾವ ಮಾತ್ರ ದಾರಿ ಬಿಡಲಿಲ್ಲ. ತಿರುವಿನಲ್ಲಿ ಅಡ್ಡ ಬಂದರು. ಅಕ್ಕ ಬ್ರೇಕು ಹಾಕಲಿಲ್ಲ, ಹೋಗಿ ಗುದ್ದಿದಳು. ಭಾವನ ಕಾರು ಪಲ್ಟಿ ಹೊಡೆದು ದಾರಿಯಾಚೆ ಬಿತ್ತು.

"ಕಣ್ಣು ಎಲ್ಲಿಟ್ಟಿದ್ದೀಯೇ?" ಭಾವ ಕಿರುಚಿದರು. "ಹೀಗಾ ಓಡಿಸೋದು?"

ಎಲ್ಲರ ಕಾರುಗಳೂ ಇದ್ದಲ್ಲೇ ನಿಂತವು. ಕಾಯಿಲೆಯಾದ ಮೇಲೆ ಅವಳ ಮೇಲೆ ದನಿ ಎತ್ತಿದವರು ಇವರೇ ಮೊದಲು.

ಅಕ್ಕ ಕುರ್ಚಿಯಿಂದ ಎದ್ದು ನಿಂತಳು. "ನನಗಿರೋದು ಒಂದೇ ಕೈ! ನಿಮಗೆ ಎರಡಿವೆಯಲ್ಲ, ತಪ್ಪಿಸಿಕೊಳ್ಳೋಕೆ ನಿಮಗೇನು ಧಾಡಿ?"